ಗಂಜಿ ಲೋಳೆಸರದ ಪರೆ

ಮೊನ್ನೆ ಕಿರಿಯ ಮೊಮ್ಮಗಳು ಕೈಗೆ ಬಿಸಿ ಎಣ್ಣೆ ಚೆಲ್ಲಿಕೊಂಡಾಗ ನಾನೂ ಮಡಿಕೇರಿಯ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರಮ್ಮ ಅವಳ ಒಂದೊಂದು ಬೆರಳಿಗೂ ಬೇರೆ ಬೇರೆಯಾಗಿ ಒಂದು ತೆಳು ಪರೆ ಸುತ್ತಿದರು. ನೀರನ್ನೇ ಹಾಳೆ ಮಾಡಿದಂತಿತ್ತು. "ಇದು ಜೆಲ್. ಗಾಯಕ್ಕೆ ಅಂಟಲ್ಲ, ತೆಗೆಯುವಾಗ ನೋವಾಗಲ್ಲ" ಎಂದರು. ಆಮೇಲೆ ನನ್ನ ಬಲಗೈ ನೋಡಿ, "ಅಜ್ಜಿ, ನಿಮ್ಮ ಬೆರಳಿಗೇನಾಗಿತ್ತು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು, "ಅಜ್ಜಿದು ಹುಟ್ಟಿಂದ್ಲೇ ಹಂಗೆ" ಎಂದಳು.

ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಜನರೆದುರು ಮಾತಾಡುವ ಅಭ್ಯಾಸ ನನಗಿಲ್ಲ. ಅದಕ್ಕೇ ಮೊಮ್ಮಕ್ಕಳೇ, ನಿಮಗಾಗಿ ಬರೆಯುತ್ತಿದ್ದೇನೆ. ಹುಟ್ಟಿನಿಂದ ಅಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮದುವೆಯಾಗಿ ಬಂದ ಮೇಲೆ ನನಗದು ಮೊದಲ ಮಳೆಗಾಲ. ಅತ್ತೆ ಕಾಚಂಪುಳಿ ಕಾಯಿಸುತ್ತಿದ್ದರು. ಹುಳಿಹಣ್ಣಿನ ರಸ ಕುದಿಕುದಿದು ಕಪ್ಪಗೆ, ಪಾಕದಂತಾಗುವವರೆಗೆ ಒಲೆಯ ಮೇಲಿರಬೇಕು. ಇಳಿಸಲು ನಾನೂ ನಾದಿನಿಯೂ ಮಡಕೆಯ ಎರಡು ಪಕ್ಕ ಹಿಡಿದೆವು. ಅತ್ತೆ ಆಗಷ್ಟೇ ನೆಲ ಸಾರಿಸಿದ್ದರು. "ಅಲ್ಲೇ ಇಡಿ" ಎಂದರು. ಹಸಿ ನೆಲ ತಾಗಿದ್ದೇ ತಡ, ಮಡಕೆ ಬಿರಿಯಿತು. ಕುದಿಯುವ ಹುಳಿ ನಮ್ಮಿಬ್ಬರ ಬಲಗೈಗೂ ಅಂಟಿಕೊಂಡಿತು. ನೀರು ಸುರಿದರೂ ಬಿಡಲಿಲ್ಲ, ಚರ್ಮದೊಂದಿಗೇ ಬಂತು.

ಅತ್ತೆಗೆ ಮದ್ದು ಗೊತ್ತಿತ್ತು. ಗಂಜಿಯ ತಿಳಿಯನ್ನು ದಪ್ಪಗೆ ಕಾಯಿಸಿ ಸೋಸಿ, ಆರಿದ ಮೇಲೆ ಲೋಳೆಸರದ ಲೋಳೆ ಸೇರಿಸಿ ಕಡೆಯುತ್ತಿದ್ದರು. ಎಳೆ ಬಾಳೆಲೆಯನ್ನು ಬೆಂಕಿಗೆ ಬಾಡಿಸಿ ಅದರ ಮೇಲೆ ಸವರಿ ನೆರಳಲ್ಲಿಟ್ಟರೆ ಹಾಲಿನ ಕೆನೆಯಂತೆ ಪರೆಗಟ್ಟುತ್ತಿತ್ತು. ಅದನ್ನು ಎಬ್ಬಿಸಿ ಸುಟ್ಟಲ್ಲಿಗೆ ಹಾಕಿ, ಆಗಾಗ ಕಾಯಿಸಿ ಆರಿಸಿದ ನೀರು ಚಿಮುಕಿಸುವುದು. ಒದ್ದೆಯಿರುವವರೆಗೂ ಅಂಟುವುದಿಲ್ಲ.

ಲೋಳೆಸರ ಇದ್ದದ್ದು ಬಾವಿಕಟ್ಟೆಯ ಬಳಿ ಒಂದೇ ಗಿಡ. ಅತ್ತೆ ಮಗಳ ಬೆರಳು ಬೆರಳಿಗೂ ಪರೆ ಸುತ್ತಿದರು. ನನ್ನ ಕೈಯನ್ನು ಮುಷ್ಟಿ ಮಾಡಿಸಿ, ಹಳೇ ಪಂಚೆಯ ಚೂರಿನಲ್ಲಿ ಒಟ್ಟಿಗೆ ಬಿಗಿದರು.

"ಎಲೆಗೆ ಅಂಟಿ ಉಳಿದಿದ್ದಾದರೂ ಕೊಡಿ ಅತ್ತೆ" ಎಂದೆ.

"ಗೂಡೆಗೆ ಮದುವೆ ಆಕು" ಎಂದರು. ಹುಡುಗಿಗೆ ಮದುವೆ ಆಗಬೇಕು ಎಂದು. "ನಿಂಗೆ ಆಗುಟ್ಟಲ್ಲಾ, ಮದುವೆ. ಇನ್ಯಾರಿಗೆ ತೋರ್ಸೋಕೆ?"

ಮರುದಿನ ಆ ಎಲೆ ಒಣಗಿ ಸುರುಟಿತ್ತು. ಕರುವಿನ ಮುಂದೆ ಹಾಕಿದರು.

ನಿಮ್ಮ ಅಜ್ಜ ಬಾಗಿಲಲ್ಲಿ ನಿಂತು, "ಮಡಿಕೇರಿ ಆಸ್ಪತ್ರೆಗಾರೂ ಕರ್ಕಂಡ್ ಹೋಗ್ತೆ ಅವ್ವ" ಎಂದರು.

"ಹೋಗು. ಗದ್ದೇಲಿ ನಾಟಿ ಯಾರ್ ಮಾಡುದು? ಆಸ್ಪತ್ರೆಯವ್ರಾ?"

ಅವರು ನೇಗಿಲು ಹೊತ್ತು ಹೋದರು.

ನನ್ನ ಬಟ್ಟೆ ದಿನವೂ ಗಾಯಕ್ಕೆ ಅಂಟಿ ಒಣಗುತ್ತಿತ್ತು. ಅತ್ತೆ ಒಂದೇ ಎಳೆತಕ್ಕೆ ಕೀಳುತ್ತಿದ್ದರು. ಬಂದ ಹೊಸ ಚರ್ಮವೂ ಅದರೊಡನೆ ಹೋಗುತ್ತಿತ್ತು. ಎದುರಿಗೆ ಕೂತ ನಾದಿನಿ ತನ್ನ ಪರೆಗೆ ನೀರು ಚಿಮುಕಿಸಿಕೊಳ್ಳುತ್ತಾ, "ಅತ್ತಿಗೆ, ನಿಮ್ಮ ಕೈ ಸುಟ್ಟ ಗೆಣಸಿನ ಹಂಗೆ ಆಗುಟ್ಟು" ಎಂದು ನಗುತ್ತಿದ್ದಳು. ಮಳೆ ಕಡಿಮೆಯಾಗುವಷ್ಟರಲ್ಲಿ ಅವಳ ಕೈಯಲ್ಲಿ ಕಲೆ ಹುಡುಕಬೇಕಿತ್ತು. ನನ್ನ ಕೊನೆಯ ಮೂರು ಬೆರಳು ಒಂದಕ್ಕೊಂದು ಕೂಡಿಕೊಂಡು, ಅಂಗೈ ಕಡೆಗೆ ಮಡಚಿ ನಿಂತವು. ಎಡಗೈಯಲ್ಲಿ ನಾಟಿ ಮಾಡಲು ಆ ವರ್ಷವೇ ಕಲಿತೆ.

ಬಾಳೆಲೆ ಎಂಬ ಊರಿನ ಕಡೆಯಿಂದ ನಾದಿನಿಯನ್ನು ನೋಡಲು ಗಂಡಿನವರು ಬಂದರು. ಅವಳು ಬೆಲ್ಲದ ಕಾಫಿ ಕೊಟ್ಟಳು. ನಾನು ನೀರಿನ ಚೊಂಬು ಇಡುವಾಗ ಗಂಡಿನ ಚಿಕ್ಕಮ್ಮ ನನ್ನ ಕೈ ಹಿಡಿದೇಬಿಟ್ಟರು. "ಇದೆಂತ ಇದು, ಸುಟ್ಟದ್ದಾ?"

ಸುಟ್ಟದ್ದು ಎಂದರೆ ಹೇಗೆ ಎಂದು ಕೇಳುತ್ತಾರೆ. ಜೊತೆಗೆ ಸುಟ್ಟುಕೊಂಡ ನಾದಿನಿಯ ಕೈಯನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಅತ್ತೆ ತಡವರಿಸಲಿಲ್ಲ. "ಹುಟ್ಟಿಂದ್ಲೇ ಹಂಗೆ. ಅವಳ ಮನೆಯವ್ರು ನಮ್ಗೆ ಹೇಳ್ದೆ ಕಟ್ಟಿದ್ದು."

ನಾನು ನಿಮ್ಮ ಅಜ್ಜನ ಮುಖ ನೋಡಿದೆ. ಅವರು ಕಾಫಿ ಲೋಟದೊಳಗೆ ನೋಡುತ್ತಿದ್ದರು.

ಮದುವೆ ಗಟ್ಟಿಯಾಯಿತು. ಮಾತು ಊರೂರು ಸುತ್ತಿ ನನ್ನ ತವರಿಗೂ ಹೋಯಿತು. ನನ್ನ ತಂಗಿಯನ್ನು ನೋಡಲು ಬರುತ್ತೇವೆಂದವರು ಬರಲಿಲ್ಲ. ಆ ಮನೆಯ ಹೆಣ್ಣುಮಕ್ಕಳ ಬೆರಳು ಕೂಡಿರುತ್ತವಂತೆ ಎಂದರು. ತಂಗಿಗೆ ಕೊನೆಗೆ ಎರಡನೇ ಸಂಬಂಧವೇ ಗತಿಯಾಯಿತು.

ಅದಾದ ಮೇಲೆ ನಿಮ್ಮ ಅಪ್ಪ ಹುಟ್ಟಿದರು. ಸೂಲಗಿತ್ತಿ ಕೂಸನ್ನು ಒರೆಸುವುದಕ್ಕೂ ಬಿಡದೆ ಅತ್ತೆ ಕಿತ್ತುಕೊಂಡರು. ದೀಪದ ಹತ್ತಿರ ಕೂತು, ಎರಡು ಮುಷ್ಟಿಯನ್ನೂ ಬಿಡಿಸಿ, ಒಂದೊಂದೇ ಬೆರಳನ್ನು ಬೇರೆ ಮಾಡಿ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ನಾಟಕವೇನೂ ಆಗಿರಲಿಲ್ಲ. ಆ ಹೊತ್ತಿಗೆ ಅವರೇ ಅದನ್ನು ನಂಬಿಬಿಟ್ಟಿದ್ದರು.

"ಸದ್ಯ" ಎಂದರು, ಕಣ್ಣೊರೆಸಿಕೊಂಡು, ನನ್ನ ಕಡೆಗೇ ತಿರುಗಿ. "ತಾಯಿದು ಬರ್ಲಿಲ್ಲೆ."