ನಡೆದರೆ ನಿಜ

ನಮ್ಮ ಚರ್ಚಿನ ಹಿರಿಯರಲ್ಲೊಬ್ಬರಾದ ಪಂಪು ರಿಪೇರಿಯವರಿಗೆ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು: ನಡೆಯುವವು, ನಡೆಯದವು. ಗಂಟೆಗೆ ಹಗ್ಗದ ಬದಲು ಸೈಕಲ್ಲಿನ ಬ್ರೇಕ್ ತಂತಿ ಕಟ್ಟಿ, “ಶಬ್ದ ಬರುತ್ತೆ ತಾನೆ? ಮತ್ತೇನು ಬೇಕು?” ಎನ್ನುತ್ತಾರೆ. ಕಳ್ಳತನದ ಮೇಲೆ ಪಾದ್ರಿಗಳು ಪ್ರಸಂಗ ಮಾಡಿದ ಮೇಲೆ ಬಾಗಿಲ ಬಳಿಯ ಕೊಡೆಗಳು ಕಾಣೆಯಾಗುವುದು ನಿಂತಿತೆಂದು, ಆ ಪ್ರಸಂಗವನ್ನೇ ಪ್ರತಿ ಮಳೆಗಾಲಕ್ಕೂ ಮಾಡಿಸಬೇಕೆಂಬುದು ಅವರ ಹಟ. ಒಮ್ಮೆ, “ಪ್ರಾರ್ಥನೆ ಮಾಡಿದ ದಿನ ನನ್ನ ಬಿಪಿ ಇಳಿಯುತ್ತೆ, ಪಾದ್ರಿಗಳೇ. ಅಂದ್ಮೇಲೆ ದೇವರಿದ್ದಾನೆ” ಎಂದರು. “ಮಾತ್ರೆ ನುಂಗಿದ್ರೂ ಇಳಿಯುತ್ತಲ್ಲ, ಅದಕ್ಕೂ ಕೈ ಮುಗೀತೀರಾ?” ಎಂದರು ಪಾದ್ರಿ. ಇವರು ನಕ್ಕರೇ ಹೊರತು ಜಗ್ಗಲಿಲ್ಲ. ಕಾಯಿಲೆಯವರನ್ನು ನೋಡಲು ಹೋದಾಗ ಯಾರಿಗೇ ಆಗಲಿ, “ಮುಂದಿನ ವಾರ ಎದ್ದು ಓಡಾಡ್ತೀರಿ” ಎಂದುಬಿಡುವುದೂ ಇದೇ ಲೆಕ್ಕದಲ್ಲಿ. ಧೈರ್ಯ ಬಂದರೆ ಆ ಮಾತು ನಿಜವಾದಂತೆಯೇ. ಆದರೆ ಈ ಸಲ ಆಸ್ಪತ್ರೆಯಲ್ಲಿ ಮಲಗಿದ್ದದ್ದು ಅವರನ್ನು ಎತ್ತಿ ಆಡಿಸಿದ ಅಕ್ಕ. ಇನ್ನು ಆಸೆಯಿಲ್ಲವೆಂದು ವೈದ್ಯರು ಮನೆಯವರಿಗೆ ಹೇಳಿಯಾಗಿತ್ತು. “ತಮ್ಮಾ, ನಾನು ಮನೆಗೆ ಬರ್ತೀನೇನೋ? ನಿಜ ಹೇಳು, ಆಮೇಲೆ ಪ್ರಾರ್ಥನೆ ಮಾಡು” ಎಂದಳು ಅಕ್ಕ. ಇವರು ಕುರ್ಚಿಯನ್ನು ಮಂಚದ ಹತ್ತಿರಕ್ಕೆಳೆದುಕೊಂಡು, “ಇಲ್ಲಕ್ಕ” ಎಂದರು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ಭಾವ ಇವರನ್ನು ಹೊರಗೆಳೆದು, “ಸುಮ್ನೆ ಅಳಿಸಿದೆಯಲ್ಲೋ, ಏನು ಪ್ರಯೋಜನ ಆಯ್ತು?” ಎಂದು ಗದರಿದರು. “ಏನೂ ಇಲ್ಲ ಭಾವ” ಎಂದರು ಇವರು. “ಆದ್ರೆ ಅವಳಿಗೆ ಸುಳ್ಳು ಹೇಳಿ, ಅದೇ ಬಾಯಲ್ಲಿ ದೇವರ ಹತ್ತಿರ ಏನಂತ ಮಾತಾಡ್ಲಿ?”