ಮಾವನ್ನ ತಿನ್ನೋ ಹುಳ

"ಮಾವಾನ ಹುಳ ತಿಂತಾವ್ರಿ, ಅಂಜಬ್ಯಾಡ್ರಿ."

ಹೋದ ವಾರ ಮುಂಜಾನೆ ಫೋನಿನಾಗ ಇಂಥಾ ಮಾತು ಕೇಳಿದೆ. ಯಾವ ಸೊಸಿ ಅಂಜದ ಇರ್ತಾಳ ಹೇಳ್ರಿ?

ಫೋನು ನಮ್ಮ ಮಾವಂದು. ಅದನ್ನ ಮನ್ಯಾಗ ಮರೆತು, ಪಂಪು ಹೆಗಲಿಗೇರಿಸಿ, ಬೀಟಿ ಹತ್ತಿಗೆ ಹುಳದ ಎಣ್ಣಿ ಹೊಡಿಯಾಕ ಹೋಗಿದ್ರು. ಮಾತಾಡಿದವರು ಕೃಷಿ ಸಾಹೇಬರು. ಮರಾಠಿಯವರು, ಪಾಪ, ಈಗೀಗ ಕನ್ನಡ ಕಲೀಲಿಕ್ಕೆ ಹತ್ಯಾರ. ನಾನೋ ವಿಜಯಪುರದಿಂದ ಗಡಿ ಆಚಿ ಮಹಾರಾಷ್ಟ್ರದ ಬಾಲಗಾಂವಕ್ಕ ಬಂದ ಹೊಸಾ ಸೊಸಿ, ಹೊಲದ ಮರಾಠಿ ಇನ್ನೂ ನಾಲಿಗಿಗೆ ಹತ್ತಿಲ್ಲ.

"ಹತ್ತ್ಯಾಗ ಮಾವಾ ಅದ ಅಲ್ರಿ?"

"ಹೌದ್ರಿ, ಈಗರ ಹೋದ್ರು." (ನಮ್ಮ ಹಿರಿಯರಿಗೆ 'ಅದ' ಅಂತಾರಲ್ಲ! ಹೋಗ್ಲಿ, ಹೊಸಾ ಕನ್ನಡ ಅಂತ ನುಂಗಿಕೊಂಡೆ.)

"ಏನೂ ಹೊಡೀಬ್ಯಾಡ್ರಿ. ಕೆಂಪು ಗುಲಗಂಜಿ ಹುಳ ಅದಾವಲ್ಲ, ಅವ ಮಾವಾನ ತಿಂತಾವ."

"ಅಯ್ಯ ಸಾಹೇಬ್ರ! ನಮಗ ಇರೂದ ಒಬ್ಬ ಮಾವ್ರಿ!"

"ಒಂದ? ಹಂಗಾರ ಚಿಂತಿನ ಬ್ಯಾಡ. ಸಂಜಿತನಾ ಉಳಿಯೂದಿಲ್ಲ."

ಫೋನು ಒಗದು ಹೊಲಕ್ಕ ಓಡಿದೆ ನೋಡ್ರಿ. ಕಾಲಾಗ ಚಪ್ಪಲಿಲ್ಲ, ತಲಿ ಮ್ಯಾಲ ಸೆರಗಿಲ್ಲ.

"ಮಾವಾರ, ಹೊರಗ ಬರ್ರಿ! ಗುಲಗಂಜಿ ಹುಳ ನಿಮ್ಮನ್ನ ತಿಂತಾವಂತ! ಸಾಹೇಬ್ರು ಹೇಳ್ಯಾರ!"

ಸಾಹೇಬರ ಮಾತು ಒಂದು ದಿನಾನೂ ಕಿವಿಗೆ ಹಾಕ್ಕೊಳ್ಳದ ಮನಿಷ್ಯಾ, ಪಂಪು ಒಗೆದು, ಧೋತರ ಎತ್ತಿ ಬದುವಿಗೆ ಹಾರಿದ್ರು. ಅಂಗಿ ಝಾಡಿಸಿದ್ರು. ಕಾಲರ್ ಮ್ಯಾಲ ಒಂದು ಆರಾಮ ಕುಂತಿತ್ತು. ಇಬ್ಬರೂ ಚೀರಿದಿವಿ.

ಸಂಜಿಗೆ ಸಾಹೇಬರು ಬಂದು ಬಿಡಿಸಿ ಹೇಳಿದ್ರು. ಮರಾಠಿ 'ಮಾವಾ' ಅಂದ್ರ ಹತ್ತಿ ಎಲಿ ರಸ ಹೀರೋ ಸಣ್ಣ ಹೇನು! ಅದನ್ನ ತಿಂದು ಬೆಳಿ ಕಾಯೋದು ಗುಲಗಂಜಿ ಹುಳ.

ಅತ್ತಿ ಸೆರಗು ಬಾಯಿಗೆ ಇಟ್ಕೊಂಡು ನಕ್ಕರು: "ನಾ ಸೊಸಿಯಾಗಿ ಬಂದಾಗ ಈ ಹುಳ ಎಲ್ಲಿ ಹೋಗಿದ್ವು?"

ಮಾವಗ ಬ್ಯಾರೇನ ಸಂಶಯ. "ಬೀಟಿ ಹತ್ತಿ ಹುಳ ಕೊಲ್ತದಲ್ರಿ, ಇವು ಹೆಂಗ ಉಳದಾವ?"

"ಬೀಟಿ ವಿಷ ಕಾಯಿಕೊರಕ ಹುಳಕ್ಕ. ಇವಕ್ಕ ಅದರಿಂದ ಅಂಥಾದ್ದೇನಿಲ್ಲ ಕಾಕಾ. ಇವಕ್ಕ ಯಮ ಅಂದ್ರ ನಿಮ್ಮ ಪಂಪು. ಇವತ್ತು ಹೊಡದಿದ್ರ ಇವು ಸಾಯ್ತಿದ್ವು, ಉಳದ ಹೇನು ಹೊಲಾನ ತಿಂತಿದ್ವು."

ಮಾವ ಕಾಲರ್ ಮುಟ್ಟಿ ನೋಡ್ಕೊಂಡ್ರು.

ಸಾಹೇಬರು ಎಷ್ಟು ಸಲ 'ಮಿತ್ರಕೀಟ, ಮಿತ್ರಕೀಟ' ಅಂತ ಬಡಕೊಂಡ್ರೂ ಇಳಿಯದ ಪಂಪು, ನನ್ನ ದಡ್ಡತನಕ್ಕ ಇಳೀತು. ನನಗ ನಗೀನೂ ಬಂತು, ಸಿಟ್ಟೂ ಬಂತು.

'ನಿಮ್ಮನ್ನ ತಿಂತಾವು' ಅನ್ನೂ ಬದಲಿ 'ಗುಲಗಂಜಿ ಹುಳ ಸಾಯ್ತಾವು' ಅಂತ ಖರೇ ಹೇಳಿದ್ರ, ಯಾರರ ಪಂಪು ಇಳಸ್ತಿದ್ರೇನ್ರಿ?