ಮುಗಿಯಲೊಲ್ಲದ ಬೆಳಗಿನ ಕಚೇರಿ

ಸಂಗೀತವನ್ನೂ ಉಪ್ಪಿಟ್ಟನ್ನೂ ಒಂದೇ ಬೆಳಗ್ಗೆ ಒಂದೇ ಸೂರಿನಡಿ ಇಡಬಾರದೆಂಬುದು ನನ್ನ ಬಹುದಿನದ ಅಭಿಪ್ರಾಯ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಕ್ಷಣದಿಂದ ಸಹೃದಯನ ಹೃದಯ ರಜೆ ಹಾಕಿ, ರಸಾಸ್ವಾದದ ಹೊಣೆಯನ್ನೆಲ್ಲ ಜಠರಕ್ಕೆ ವಹಿಸಿಬಿಡುತ್ತದೆ. ನೀವು ಒಪ್ಪದಿದ್ದರೆ, ಭೈರವಿಯ ಆಲಾಪನೆಯ ನಡುವೆ ಪಕ್ಕದ ಕೋಣೆಯಿಂದ ತುಪ್ಪದಲ್ಲಿ ಗೋಡಂಬಿ ಹುರಿದ ಪರಿಮಳ ಬಂದಾಗ ನಿಮ್ಮ ಕಣ್ಣು ಯಾವ ಕಡೆ ಹೊರಳುತ್ತದೆಂದು ದೇವರಾಣೆಯಾಗಿ ಹೇಳಿ.

ಆದರೆ ಐವತ್ತರ ದಶಕದ ಕೆ.ಜಿ.ಎಫ್.ನಲ್ಲಿ ನಮಗೆ ಬೇರೆ ದಾರಿಯಿರಲಿಲ್ಲ. ರಾತ್ರಿ ಪಾಳಿಯವರು ಗಣಿಯಿಂದ ಮೇಲೆ ಬಂದ ಮೇಲೆ, ಮಧ್ಯಾಹ್ನದ ಪಾಳಿಯವರು ಕೆಳಗಿಳಿಯುವ ಮೊದಲು, ಇಬ್ಬರೂ ಭೂಮಿಯ ಮೇಲೆ ಒಟ್ಟಿಗೆ ಸಿಗುತ್ತಿದ್ದುದು ಬೆಳಗಿನಲ್ಲಿ ಮಾತ್ರ. ಹೀಗಾಗಿ ನಮ್ಮ ಸಂಗೀತ ಸಭೆಯವರು ಕೋರಮಂಡಲ್ ಸ್ಟೇಷನ್ನಿಗೆ ಕೂಗಳತೆಯಲ್ಲಿದ್ದ ಶಾಲೆಯ ಹಾಲಿನಲ್ಲಿ ಭಾನುವಾರ ಬೆಳಗ್ಗೆ ಉದಯೋನ್ಮುಖ ಕಲಾವಿದರ ಕಚೇರಿ ಇಟ್ಟು, ಕೊನೆಗೆ ತಿಂಡಿ ಕೊಡುತ್ತಿದ್ದರು. ಉದಯೋನ್ಮುಖರೆಂದರೆ ಸಂಭಾವನೆ ಕೇಳಲು ಇನ್ನೂ ಕಲಿಯದವರು ಎಂದರ್ಥ. ನಾನು ತಂಬೂರಿ ಮೀಟುತ್ತಿದ್ದೆ. ವಾರವೆಲ್ಲ ಗಣಿಯ ಕಚೇರಿ, ಭಾನುವಾರ ಸಂಗೀತ ಕಚೇರಿ. ಎರಡು ಕಡೆಯೂ ಹಿಂದೆ ಕೂತು ತಲೆಯಾಡಿಸುವುದೇ ನನ್ನ ಉದ್ಯೋಗವಾಗಿತ್ತು.

ಆ ಭಾನುವಾರ ಹಾಡಬೇಕಾಗಿದ್ದವಳು ನನ್ನ ಸಹೋದ್ಯೋಗಿ ರಾಮಸ್ವಾಮಯ್ಯನವರ ಮಗಳು ವನಜ. ಪಿಟೀಲು, ಮೃದಂಗದ ಹುಡುಗರಿಗೆ ಮೀಸೆ ಇನ್ನೂ ಸರಿಯಾಗಿ ಚಿಗುರಿರಲಿಲ್ಲ. ಶ್ರುತಿ ಸೇರಿಸುವ ನೆಪದಲ್ಲಿ ವನಜ ನನ್ನ ಕಡೆ ಬಗ್ಗಿದಳು.

"ಮಾಮ, ಮುಂದಿನ ಸಾಲಲ್ಲಿ ಕೂತಿದಾರಲ್ಲ ಮದರಾಸಿನೋರು, ನನ್ನ ನೋಡೋಕೆ ಬಂದಿರೋದು. ಮದುವೆ ಆದ್ಮೇಲೆ ಹಾಡೇನಿದ್ರೂ ದೇವರ ಮನೇಲಿ ಅಂತ ಹುಡುಗನ ಅಮ್ಮ ಹೇಳ್ಬಿಟ್ಟಿದಾರೆ. ಮಂಗಳ ಹಾಡಿದ ತಕ್ಷಣ ಅಪ್ಪ ತಾಂಬೂಲ ಬದಲಾಯಿಸ್ಕೋತಾರಂತೆ. ನನಗೆ ಬೇಡ ಮಾಮ."

"ಎಲ್ಲಾ ಒಳ್ಳೇದೇ ಆಗುತ್ತೆ, ಹಾಡಮ್ಮ" ಎಂದೆ. ಏನೂ ಮಾಡಲಾಗದ ಹಿರಿಯರಿಗಾಗಿಯೇ ನಮ್ಮ ಭಾಷೆ ಈ ವಾಕ್ಯವನ್ನು ಜೋಪಾನವಾಗಿ ಇಟ್ಟುಕೊಂಡಿದೆ.

ರಾಮಸ್ವಾಮಯ್ಯನವರ ಯೋಜನೆಯನ್ನು ಮೆಚ್ಚಲೇಬೇಕು. ಹೆಣ್ಣು ನೋಡುವ ಶಾಸ್ತ್ರಕ್ಕೂ ಉಪ್ಪಿಟ್ಟು, ಕೇಸರಿಬಾತು, ಹುಡುಗಿಯದೊಂದು ಹಾಡು ಬೇಕು. ಸಭೆಯ ಖರ್ಚಿನಲ್ಲಿ ಮೂರೂ ಒದಗಿರುವಾಗ ಮನೆಯಲ್ಲಿ ಒಲೆ ಹಚ್ಚುವುದೇಕೆ? ಅವರು ಬೆಳ್ಳಿತಟ್ಟೆಯಲ್ಲಿ ವೀಳ್ಯದೆಲೆ ಜೋಡಿಸಿಕೊಂಡು ಬೀಗರ ಪಕ್ಕದಲ್ಲೇ ಕೂತಿದ್ದರು. ಪಾಪ, ಲೆಕ್ಕದಲ್ಲಿ ಒಂದನ್ನು ಮರೆತಿದ್ದರು. ಕಚೇರಿ ಮುಗಿಯುವುದು ಮಂಗಳ ಹಾಡಿದಾಗ. ಮಂಗಳವಾಗದೆ ಎದ್ದರೆ ಅಶುಭ, ತಾಂಬೂಲವಂತೂ ಸಲ್ಲದು. ಆ ಮಂಗಳ ಇದ್ದದ್ದು ಹುಡುಗಿಯ ಗಂಟಲಲ್ಲಿ.

ಎರಡು ಗಂಟೆ ಕಚೇರಿ ಕ್ರಮವಾಗಿಯೇ ನಡೆಯಿತು. ಆಮೇಲೆ ಅವಳು ಮಧ್ಯಮಾವತಿಯ ಎಳೆಯೊಂದನ್ನು ಎತ್ತಿದಳು. ಮಧ್ಯಮಾವತಿ ಬಂತೆಂದರೆ ಮಂಗಳ ಬಾಗಿಲಲ್ಲಿದೆ ಎಂದೇ ಲೆಕ್ಕ. ಹಾಲಿಗೆ ಹಾಲೇ ನಿಟ್ಟುಸಿರುಬಿಟ್ಟು ಪಾದಗಳಿಂದ ಚಪ್ಪಲಿ ಹುಡುಕತೊಡಗಿತು. ರಾಮಸ್ವಾಮಯ್ಯ ತಟ್ಟೆ ಎತ್ತಿಕೊಂಡರು. ವನಜ ಬಿಸಿನೀರು ಗುಟುಕರಿಸಿ, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ ತೋಡಿ ಹಿಡಿದಳು. ತೋಡಿಯೆಂದರೆ ಅರ್ಧ ಗಂಟೆಗೆ ಮೊದಲು ಇಳಿಯುವ ರಾಗವಲ್ಲ.

ಅದು ಮುಗಿಯಿತು, ಕಾಂಬೋಧಿ ಬಂತು. ಮೃದಂಗದ ಹುಡುಗನಿಗೆ, ಒಬ್ಬನೇ ಬಾರಿಸಿ ಮೆರೆಯಲೆಂದು, ಎರಡನೆಯ ಸಲ ತನಿ ಬಿಟ್ಟುಕೊಟ್ಟಳು. ಜನ್ಮದಲ್ಲಿ ಒಮ್ಮೆಯೂ ಮನಸಾರೆ ಬಾರಿಸಲು ಬಿಡದವರ ನಡುವೆ ಬೆಳೆದ ಅವನು ಸಿಕ್ಕಿದ್ದೇ ಸಾಕೆಂದು ಚಚ್ಚಿದ. ನನ್ನ ಬೆರಳು ತಂತಿಗೆ ಉಜ್ಜಿ ಉರಿಯುತ್ತಿತ್ತು. ಅಷ್ಟರಲ್ಲಿ, ಬಂಗಾರಪೇಟೆ ಕಡೆಯ ಹಳ್ಳಿಯವನಾದ ನಮ್ಮ ಅಡುಗೆಯ ಮುನಿವೆಂಕಟಪ್ಪ ಪಕ್ಕದ ಬಾಗಿಲಿನಿಂದ ತಲೆ ಹಾಕಿ ನನಗೇ ಗದರಿದ:

"ಏನ್ ಸಾಮಿ, ಆಯಮ್ಮ ಇವತ್ತು ಎದ್ದೇಳ್ತಾಳಾ ಇಲ್ವಾ? ಉಪ್ಪಿಟ್ಟು ಗಾರೆ ಆಗೋಗೈತೆ. ಇನ್ನೊಸಿ ಒತ್ತಾದ್ರೆ ಗೋಡೆಗೆ ಮೆತ್ಬೋದು, ಅಷ್ಟೆ!"

ಗಂಡಿನ ಕಡೆಯವರು ಬಂಗಾರಪೇಟೆಗೆ ಹೋಗಿ ಮದರಾಸಿನ ಗಾಡಿ ಹಿಡಿಯಬೇಕಿತ್ತು. ಗಂಡಿನ ತಂದೆ ಗಡಿಯಾರ ನೋಡಿದರು, ಕೆಮ್ಮಿದರು, ಮತ್ತೆ ನೋಡಿದರು. ಗಂಡು, ಒಳ್ಳೆಯ ಹುಡುಗನೇ ಇರಬೇಕು, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ರಾಮಸ್ವಾಮಯ್ಯ ಮಗಳಿಗೆ ಕಣ್ಣಲ್ಲೇ ಬೈಯುತ್ತಿದ್ದರು. ಅವಳು ಭಕ್ತಿಯಿಂದ ಕಣ್ಣು ಮುಚ್ಚಿಕೊಂಡಿದ್ದಳು.

ಕೊನೆಗೆ ಮಾರಿಕುಪ್ಪಂ ಕಡೆಯಿಂದ ಬಂಗಾರಪೇಟೆಗೆ ಹೋಗುವ ರೈಲಿನ ಕೂಗು ಕೇಳಿತು. ತಂದೆ ಮಗನನ್ನು ಅಲುಗಿಸಿ ಎಬ್ಬಿಸಿಕೊಂಡು ಬಾಗಿಲಿಗೆ ಧಾವಿಸಿದರು. "ಏಳೇ, ಗಾಡಿ ಬಂತು!" ಎಂದು ಅಲ್ಲಿಂದಲೇ ಹೆಂಡತಿಯನ್ನು ಕರೆದರು. ಆಕೆ ಏಳಲಿಲ್ಲ. ಆಗಲೇ ನಾನು ಆಕೆಯನ್ನು ಸರಿಯಾಗಿ ನೋಡಿದ್ದು. ರೇಷ್ಮೆ ಸೆರಗಿನ ಮರೆಯಲ್ಲಿ ಆಕೆಯ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮುಂದಿನ ಸಾಲಿನ ಗಣ್ಯರು ಹಾಕುವ ಅಂದಾಜಿನ ತಾಳವಲ್ಲ. ಬೆರಳೆಣಿಕೆ, ತಟ್ಟು, ಬೀಸು ಎಲ್ಲ ಒಪ್ಪವಾಗಿದ್ದ, ಗುರುವಿನೆದುರು ಕೂತು ಕಲಿತ ತಾಳ. ದೇವರ ಮನೆಯ ಕರಾರು ಹಾಕಿದ ಮಹಾತಾಯಿ ಇವಳೇ ಏನು?

ಕೀರ್ತನೆ ಮುಗಿದಾಗ ಆಕೆ ಎದ್ದಳು. ರಾಮಸ್ವಾಮಯ್ಯ ತಟ್ಟೆ ಹಿಡಿದು, "ಒಂದು ನಿಮಿಷ ತಾಯಿ, ಈಗ ಮಂಗಳ ಹಾಡ್ತಾಳೆ" ಎಂದು ಅಂಗಲಾಚಿದರು. ಆಕೆ ಕೇಳಿಸದವಳಂತೆ ನೇರ ವೇದಿಕೆಗೆ ಬಂದು, ತನ್ನ ಮುಡಿಯ ಮಲ್ಲಿಗೆ ತೆಗೆದು ವನಜಳಿಗೆ ಮುಡಿಸುತ್ತಾ ಮೆಲ್ಲಗೆ ಹೇಳಿದಳು. ಹಿಂದೆ ಕೂತವನಿಗಲ್ಲದೆ ಯಾರಿಗೂ ಕೇಳಿಸುವಂತಿರಲಿಲ್ಲ.

"ಯಾಕಿಷ್ಟು ಎಳೀತಿದೀಯ ಅಂತ ಗೊತ್ತಾಯ್ತು ಕಣಮ್ಮ. ನಮ್ಮ ಗಾಡಿ ಹೊರಡೋ ತನಕ ಮಂಗಳ ಹಾಡ್ಬೇಡ. ನಿನ್ನ ವಯಸ್ಸಲ್ಲಿ ನಾನು ಬೇಗ ಮುಗಿಸ್ಬಿಟ್ಟೆ."

ಆಕೆ ಸೆರಗು ಹೊದ್ದು ನಡೆದುಬಿಟ್ಟಳು. ರೈಲು ಹೊರಟ ಸದ್ದು ಬಂಗಾರಪೇಟೆಯ ದಿಕ್ಕಿಗೆ ಕರಗುವವರೆಗೂ ನಾನು ಉರಿಯುವ ಬೆರಳಿನಲ್ಲೇ ಮೀಟುತ್ತಿದ್ದೆ. ಆಮೇಲೆ ವನಜ ಮಂಗಳ ಎತ್ತಿಕೊಂಡಳು. ಅಷ್ಟು ಹೊತ್ತು ದಣಿಯದೆ ಹಾಡಿದವಳು ಮೊದಲ ಸಾಲಿಗೇ ನಿಲ್ಲಿಸಿ, ಮುಡಿಯ ಮಲ್ಲಿಗೆಯನ್ನು ಮುಟ್ಟಿಕೊಂಡಳು. ಉಳಿದದ್ದನ್ನು ಪಿಟೀಲಿನ ಹುಡುಗ ಒಬ್ಬನೇ ನುಡಿಸಿ ಮುಗಿಸಿದ.